ಸೇವೆಯ ಪಂಚಾಂಗ

ಜುಲೈ ತಿಂಗಳ ಮೊದಲ ವಾರಗಳಲ್ಲಿ ಉಡುಪಿ ಜಿಲ್ಲೆಯ ಪತ್ರಿಕೆಗಳ ಸ್ಥಳೀಯ ಪುಟ ತೆರೆದರೆ ಒಂದೇ ಬಗೆಯ ಸುದ್ದಿ ಸಾಲಾಗಿ ಕಾಣುತ್ತದೆ: ಪದಪ್ರದಾನ ಸಮಾರಂಭ. ರೋಟರಿ ಮತ್ತು ಲಯನ್ಸ್ ಕ್ಲಬ್ಬುಗಳ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಹಳೆಯ ಅಧ್ಯಕ್ಷರು ಹೊಸ ಅಧ್ಯಕ್ಷರ ಕೊರಳಿಗೆ ಕಾಲರ್ ತೊಡಿಸುತ್ತಾರೆ, ಹಾರ ತುರಾಯಿಗಳಾಗುತ್ತವೆ, ಊಟವಾಗುತ್ತದೆ. ಅಲ್ಲಿಂದ ಮುಂದಿನ ಹನ್ನೆರಡು ತಿಂಗಳೂ ಕೋಟ, ಸಾಲಿಗ್ರಾಮ, ಬ್ರಹ್ಮಾವರ, ಕುಂದಾಪುರ, ಬೈಂದೂರುಗಳಿಂದ ವರದಿಗಳು ಬರುತ್ತಲೇ ಇರುತ್ತವೆ. ವನಮಹೋತ್ಸವ, ರಕ್ತದಾನ ಶಿಬಿರ, ಶಿಕ್ಷಕರ ಸನ್ಮಾನ, ಕಣ್ಣಿನ ತಪಾಸಣೆ, ಶಾಲೆಗೆ ಡೆಸ್ಕು, ಕಡಲತೀರದ ಸ್ವಚ್ಛತೆ. ಜೇಸಿಗಳ ವರ್ಷ ಮಾತ್ರ ಜನವರಿಯಿಂದ ಎಣಿಕೆಯಾಗುತ್ತದೆ, ಸೆಪ್ಟೆಂಬರಿನಲ್ಲಿ ಅವರ ಜೇಸಿ ಸಪ್ತಾಹ.

ಸಾಹಿತ್ಯ ಓದುವ ನಮ್ಮಂಥವರಿಗೆ ಈ ಸುದ್ದಿಗಳನ್ನು ನೋಡಿ ನಗುವುದು ಸುಲಭ. ಒಂದು ಗಿಡಕ್ಕೆ ಹನ್ನೊಂದು ಕೈ ತಾಗಿರುವ ಚಿತ್ರ, ಅದರ ಹಿಂದೆ ಗಿಡಕ್ಕಿಂತ ದೊಡ್ಡ ಬ್ಯಾನರು. ಆದರೆ ನಗು ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹೆಸರಿಗಾಗಿ ಮಾಡಿದ ಸೇವೆ ಸೇವೆಯೇ? ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದು ಇದನ್ನೇ. ಇದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ ಎಂದು ನನಗನ್ನಿಸುತ್ತದೆ: ಸೇವೆ ನಡೆಯುವುದು ಯಾರ ಕ್ಯಾಲೆಂಡರಿನ ಪ್ರಕಾರ, ಕೊಡುವವರದ್ದೋ ಪಡೆಯುವವರದ್ದೋ?

ಮೊದಲು ಹೆಸರಿನ ವಿಷಯವನ್ನೇ ನೋಡೋಣ. 'ಸೇವೆ' ಎಂಬ ಮಾತು ಕೋಟದ ಕಡೆಯವರಿಗೆ ಕ್ಲಬ್ಬುಗಳಿಂದ ಬಂದದ್ದಲ್ಲ. ಕೋಟದ ಅಮೃತೇಶ್ವರಿ, ಸಾಲಿಗ್ರಾಮದ ಗುರುನರಸಿಂಹ ಹೀಗೆ ಯಾವ ದೇವಸ್ಥಾನಕ್ಕೆ ಹೋದರೂ ಕೌಂಟರಿನ ಪಕ್ಕದಲ್ಲಿ ಸೇವೆಗಳ ಪಟ್ಟಿ ಇರುತ್ತದೆ. ಪ್ರತಿಯೊಂದಕ್ಕೂ ದರ ಇದೆ, ರಶೀದಿ ಇದೆ. ಸಂಕಲ್ಪದ ಹೊತ್ತಿಗೆ ಭಟ್ಟರು ಸೇವೆ ಮಾಡಿಸುವವರ ಹೆಸರು, ನಕ್ಷತ್ರ, ಗೋತ್ರ ಕೇಳಿ ಗಟ್ಟಿಯಾಗಿ ಹೇಳುತ್ತಾರೆ. ಯಕ್ಷಗಾನದಲ್ಲೂ ಹಾಗೆಯೇ. ಹರಕೆ ಹೊತ್ತವರು ಮೇಳವನ್ನು ಕರೆಸಿ ಆಡಿಸುವ ಆಟಕ್ಕೆ 'ಸೇವೆ ಆಟ' ಎನ್ನುತ್ತಾರೆ, ಆಡಿಸಿದವರು ಯಾರೆಂಬುದು ಊರಿಗೆಲ್ಲ ಗೊತ್ತಿರುತ್ತದೆ. ಹೆಸರು ಹೇಳಿಸಿಕೊಂಡು ಸೇವೆ ಮಾಡುವುದನ್ನು ಇಲ್ಲಿ ಯಾರೂ ಬೂಟಾಟಿಕೆ ಎಂದು ತಿಳಿದದ್ದಿಲ್ಲ. 1905ರಲ್ಲಿ ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ರೋಟರಿ ಕಟ್ಟುವ, 1917ರಲ್ಲಿ ಅದೇ ಊರಿನಲ್ಲಿ ಮೆಲ್ವಿನ್ ಜೋನ್ಸ್ ಲಯನ್ಸ್ ಕಟ್ಟುವ ಎಷ್ಟೋ ಮೊದಲೇ ನಮ್ಮಲ್ಲಿ ಸೇವೆಗೆ ತಾರೀಖು, ರಶೀದಿ, ಹೆಸರು ಮೂರೂ ಇದ್ದವು.

ವ್ಯತ್ಯಾಸ ಇರುವುದು ಸೇವೆ ಸ್ವೀಕರಿಸುವವರಲ್ಲಿ. ದೇವರಿಗೆ ಸಂಕೋಚವಿಲ್ಲ. ಯಾರ ಹೆಸರಿನಲ್ಲಿ ಪಂಚಾಮೃತವಾಯಿತು ಎಂದು ಊರಿಗೆಲ್ಲ ಗೊತ್ತಾದರೆ ಅಮೃತೇಶ್ವರಿಗೆ ತಲೆತಗ್ಗಿಸುವಂಥದ್ದೇನೂ ಆಗುವುದಿಲ್ಲ. ಸರಕಾರಿ ಶಾಲೆಯ ಏಳನೇ ತರಗತಿಯ ಹುಡುಗಿಯ ವಿಷಯ ಹಾಗಲ್ಲ. ಇಡೀ ಶಾಲೆಯ ಮುಂದೆ ಹೆಸರು ಕರೆದು ವೇದಿಕೆಗೆ ಹತ್ತಿಸಿದಾಗ ಆಕೆಯ ಕೈಗೆ ನೋಟ್‌ಪುಸ್ತಕದ ಜೊತೆಗೆ ಇನ್ನೊಂದೂ ಬರುತ್ತದೆ. ತನ್ನ ಮನೆಯ ಸ್ಥಿತಿ ಏನೆಂಬುದು ಪಕ್ಕದ ಬೆಂಚಿನವರಿಗೆ ಅಧಿಕೃತವಾಗಿ ತಿಳಿಯಿತು ಎಂಬ ಅರಿವು ಅದು. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಮೂರು ಕಟ್ಟುಪಾಡುಗಳನ್ನು ಗುರುತಿಸಿದ: ಕೊಡಬೇಕು, ಕೊಟ್ಟದ್ದನ್ನು ಸ್ವೀಕರಿಸಬೇಕು, ತಿರುಗಿ ಕೊಡಬೇಕು. ತಿರುಗಿ ಕೊಡಲು ಏನೂ ಇಲ್ಲದವರು ಏನು ಕೊಡುತ್ತಾರೆ? ಫೋಟೋಕ್ಕೆ ಮುಖ ಕೊಡುತ್ತಾರೆ. 'ಔದಾರ್ಯದ ಉರುಳಲ್ಲಿ' ಎಂಬುದು ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಒಂದು ಕಾದಂಬರಿಯ ಹೆಸರು. ಔದಾರ್ಯವೂ ಉರುಳಾಗಬಲ್ಲದು ಎಂಬ ಮಾತು ಮಾತ್ರ ಎಲ್ಲ ಕಾಲಕ್ಕೂ ನೆನಪಿಡಬೇಕಾದದ್ದು.

ಈ ಉರುಳಿನಿಂದ ಬಿಡಿಸಿಕೊಳ್ಳಲು ಪರಂಪರೆಗಳು ಹೇಳಿಕೊಟ್ಟ ದಾರಿ ಹೆಚ್ಚಾಗಿ ಕೊಡುವವರ ಮನಸ್ಸನ್ನು ತಿದ್ದುವುದು. ಹನ್ನೆರಡನೇ ಶತಮಾನದ ಯಹೂದಿ ಚಿಂತಕ ಮೈಮೊನಿಡಿಸ್ ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿದ. ಕೊಟ್ಟವರು ಯಾರೆಂದು ಪಡೆದವರಿಗೂ ಪಡೆದವರು ಯಾರೆಂದು ಕೊಟ್ಟವರಿಗೂ ಗೊತ್ತಿಲ್ಲದ ದಾನ ಅದರಲ್ಲಿ ಮೇಲಿನಿಂದ ಎರಡನೆಯದು. ಇನ್ನೊಬ್ಬರು ಮತ್ತೆ ಕೈಚಾಚದಂತೆ ಅವರ ಕಾಲ ಮೇಲೆ ನಿಲ್ಲಿಸುವುದು ಎಲ್ಲಕ್ಕಿಂತ ಮೇಲಿನದು. ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ದಾನ ಎಂಬ ಮಾತಿನ ಬದಲಿಗೆ ದಾಸೋಹ ಎಂಬ ಮಾತಿಗೆ ಒತ್ತು ಕೊಟ್ಟರು. ಅಲ್ಲಿ ಕೊಡುವವನೇ ದಾಸ, ಸ್ವೀಕರಿಸುವವರು ದೊಡ್ಡವರು. ಎರಡೂ ದೊಡ್ಡ ಮಾತುಗಳೇ. ಆದರೆ ಕ್ಲಬ್ಬಿನಂಥ ಸಂಸ್ಥೆಗೆ ಇವನ್ನು ಹಾಗೆಯೇ ಅನ್ವಯಿಸಲಾಗದು. ಹತ್ತು ಜನರ ಹಣ ಸೇರಿಸಿ ಮಾಡುವ ಕೆಲಸ ಗುಟ್ಟಾಗಿ ನಡೆದರೆ ಲೆಕ್ಕ ಕೇಳುವವರು ಯಾರು? ರಕ್ತದಾನ ಶಿಬಿರವನ್ನು ಸಾರದೆ ನಡೆಸುವುದು ಹೇಗೆ? ಅಷ್ಟಕ್ಕೂ ಮನಸ್ಸಿನೊಳಗೆ ಏನಿದೆಯೆಂದು ಹೊರಗಿನವರು ಅಳೆಯಲಾರರು. ಪಡೆಯುವವರ ಹೊಟ್ಟೆ ತುಂಬುವುದು ಕೊಡುವವರ ಮನಶ್ಶುದ್ಧಿಯಿಂದಲೂ ಅಲ್ಲ.

ಭಗವದ್ಗೀತೆಯ ಹದಿನೇಳನೇ ಅಧ್ಯಾಯದಲ್ಲಿ ಬರುವ ಮೂರು ಬಗೆಯ ದಾನಗಳ ವಿಂಗಡಣೆ ನಮ್ಮ ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ಅದನ್ನು ನಿಧಾನವಾಗಿ ಓದಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಪ್ರತಿಫಲದ ಮೇಲೆ ಕಣ್ಣಿಟ್ಟು ಕೊಟ್ಟದ್ದು ರಾಜಸ ದಾನ, ಅಂದರೆ ನಡುವಿನದು. ಪತ್ರಿಕೆಯಲ್ಲಿ ಫೋಟೋ ಬರಲಿ ಎಂದು ಕೊಟ್ಟದ್ದು ಇಲ್ಲಿಗೆ ಸೇರಬಹುದು. ಅದಕ್ಕೂ ಕೆಳಗಿನ ತಾಮಸ ದಾನ ಯಾವುದು? ತಪ್ಪು ಜಾಗದಲ್ಲಿ, ತಪ್ಪು ಹೊತ್ತಿನಲ್ಲಿ, ಆದರವಿಲ್ಲದೆ, ತಾತ್ಸಾರದಿಂದ ಕೊಟ್ಟದ್ದು. ಹೊತ್ತು ತಪ್ಪುವುದನ್ನೂ ತಾತ್ಸಾರವನ್ನೂ ಅಲ್ಲಿ ಒಟ್ಟಿಗೇ ಇಡಲಾಗಿದೆ. ದೇಶ, ಕಾಲ, ಪಾತ್ರ ಎಂಬ ಮೂರರಲ್ಲಿ 'ಪಾತ್ರ' ಎಂಬುದನ್ನು ಜಾತಿಯ ಅಳತೆಗೋಲಾಗಿ ಬಳಸಿದ ಇತಿಹಾಸ ನಮಗಿದೆ, ಅದನ್ನು ಬದಿಗಿಡೋಣ. 'ಕಾಲ' ಮಾತ್ರ ಇವತ್ತಿಗೂ ಉಪಯೋಗಕ್ಕೆ ಬರುವ ಅಳತೆ. ಇನ್ನೊಬ್ಬರ ಹೊತ್ತನ್ನು ಲೆಕ್ಕಿಸದಿರುವುದು ಅವರನ್ನೇ ಲೆಕ್ಕಿಸದಿರುವುದರ ಒಂದು ರೂಪ.

ಹಾಗಾದರೆ ಕೋಟದ ಕಡೆಯ ಕಾಲ ಯಾವುದು? ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹಂಗಾರಕಟ್ಟೆ, ಗಂಗೊಳ್ಳಿಯ ಬೋಟುಗಳು ದಡದಲ್ಲಿರುತ್ತವೆ. ಬೋಟಿಗೆ ಹೋಗುವವರ ದುಡಿಮೆ ನಿಂತಾಗ ಮೀನು ಮಾರುವ ಹೆಂಗಸರ ಬುಟ್ಟಿಯೂ ಹಗುರಾಗುತ್ತದೆ. ಶಾಲೆ ಶುರುವಾಗುವುದು, ಮಾಡು ಸೋರುವುದು, ಜ್ವರ ಹರಡುವುದು ಎಲ್ಲ ಈ ಹೊತ್ತಿಗೇ. ಕುಂದಾಪ್ರ ಕನ್ನಡದಲ್ಲಿ 'ಆಸಾಡಿ' ಎಂದರೆ ಬರಿಯ ತಿಂಗಳ ಹೆಸರಲ್ಲ, ಅದರೊಳಗೆ ಕೈ ಖಾಲಿಯಾದ ಕಾಲದ ನೆನಪಿದೆ. ಈಗ ಆಸಾಡಿ ಅಮಾಸಿಯಂದು ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುತ್ತಾರೆ, ಸಂತೋಷದ ವಿಷಯ. ಮಳೆಗಾಲ ಕಳೆದು ಮಾರ್ಚ್ ದಾಟಿದರೆ ಇನ್ನೊಂದು ಕಷ್ಟ. ಬಾವಿಗಳ ನೀರು ಕೆಳಗಿಳಿಯುತ್ತದೆ, ಕಡಲು ಮತ್ತು ಹೊಳೆಗಳ ಬದಿಯ ಬಾವಿಗಳಲ್ಲಿ ಉಪ್ಪು ಏರುತ್ತದೆ.

ಇದರ ಪಕ್ಕದಲ್ಲಿ ರೋಟರಿಯ ಜಾಗತಿಕ ಕ್ಯಾಲೆಂಡರನ್ನು ಇಟ್ಟು ನೋಡಿ. ಅದರಲ್ಲಿ ತಿಂಗಳಿಗೊಂದು ವಿಷಯವಿದೆ. ಸೆಪ್ಟೆಂಬರ್ ಮೂಲಶಿಕ್ಷಣ ಮತ್ತು ಸಾಕ್ಷರತೆಗೆ, ಡಿಸೆಂಬರ್ ರೋಗ ತಡೆಗೆ, ಮಾರ್ಚ್ ನೀರು ಮತ್ತು ನೈರ್ಮಲ್ಯಕ್ಕೆ, ಏಪ್ರಿಲ್ ಪರಿಸರಕ್ಕೆ. ಮಾರ್ಚಿನಲ್ಲಿ ನೀರಿನ ಮಾತಾಡುವುದು ನಮ್ಮ ಬಾವಿಗಳಿಗೆ ಸರಿಹೊಂದುತ್ತದೆ. ಏಪ್ರಿಲ್ ತಿಂಗಳಲ್ಲಿ ಮಾತ್ರ ಕೋಟದಲ್ಲಿ ಗಿಡ ನೆಟ್ಟರೆ ಅದು ಮಳೆ ನೋಡುವುದು ಅನುಮಾನ. ಇಲ್ಲಿನ ಕ್ಲಬ್ಬುಗಳಿಗೆ ಇದು ಗೊತ್ತು. ಅವರು ಗಿಡ ನೆಡುವುದು ಜೂನ್, ಜುಲೈಗಳಲ್ಲೇ. ನೋಟ್‌ಪುಸ್ತಕ ಹಂಚುವುದೂ ಶಾಲೆ ತೆರೆಯುವ ಹೊತ್ತಿಗೇ. ಅಂದರೆ ದೂರದ ಪಟ್ಟಿಯನ್ನು ಊರಿನ ಹವೆಗೆ ತಕ್ಕಂತೆ ತಿದ್ದಿಕೊಳ್ಳುವ ವಿವೇಕ ಇದೆ. ಈ ವಿವೇಕ ಎಲ್ಲಿಯವರೆಗೆ ಹೋಗುತ್ತದೆ ಎಂಬುದೇ ಪ್ರಶ್ನೆ.

ರಕ್ತದ ಉದಾಹರಣೆ ತೆಗೆದುಕೊಳ್ಳಿ. ಮೇಲೆ ಹೇಳಿದ ಉರುಳು ರಕ್ತದಾನದಲ್ಲಿ ತಾನಾಗಿಯೇ ಸಡಿಲವಾಗುತ್ತದೆ. ಕೊಟ್ಟವರಿಗೆ ಪಡೆದವರು ಗೊತ್ತಿಲ್ಲ, ಪಡೆದವರಿಗೆ ಕೊಟ್ಟವರು ಗೊತ್ತಿಲ್ಲ. ಫೋಟೋ ತೆಗೆಸಿಕೊಂಡರೂ ಅದರಲ್ಲಿರುವುದು ಕೊಡುವವರ ಮುಖ ಮಾತ್ರ. 1970ರಲ್ಲಿ ರಿಚರ್ಡ್ ಟಿಟ್ಮಸ್ ರಕ್ತದಾನದ ಬಗ್ಗೆ ಒಂದು ಪುಸ್ತಕವನ್ನೇ ಬರೆದು, ಮಾರುವ ರಕ್ತಕ್ಕಿಂತ ಅಪರಿಚಿತರಿಗೆ ಸುಮ್ಮನೆ ಕೊಡುವ ರಕ್ತ ಸಮಾಜಕ್ಕೆ ಹೆಚ್ಚು ಸುರಕ್ಷಿತ ಎಂದು ವಾದಿಸಿದ. ಭಾರತದಲ್ಲಿ 1996ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 1998ರ ಜನವರಿಯಿಂದ, ಹಣಕ್ಕಾಗಿ ರಕ್ತ ಕೊಡುವುದು ನಿಂತಿತು. ಆ ಜಾಗವನ್ನು ತುಂಬಿದ್ದು ಸ್ವಯಂಪ್ರೇರಿತ ದಾನಿಗಳು. ನಮ್ಮ ಭಾಗದಲ್ಲಿ ಕುಂದಾಪುರದ ರೆಡ್‌ಕ್ರಾಸ್ ರಕ್ತನಿಧಿ, ಮೊಗವೀರ ಯುವ ಸಂಘಟನೆಯ ಶಿಬಿರಗಳು, ಕ್ಲಬ್ಬುಗಳು, ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಎಲ್ಲ ಸೇರಿ ಈ ಕೆಲಸ ನಡೆಸಿಕೊಂಡು ಬಂದಿವೆ.

ಆದರೆ ರಕ್ತಕ್ಕೆ ತನ್ನದೇ ಪಂಚಾಂಗವಿದೆ. ಚೀಲದಲ್ಲಿರುವ ದ್ರಾವಣಕ್ಕೆ ತಕ್ಕಂತೆ ಕೆಂಪು ರಕ್ತಕಣಗಳನ್ನು 35 ಅಥವಾ 42 ದಿನ ಇಡಬಹುದು. ಪ್ಲೇಟ್‌ಲೆಟ್‌ಗಳ ಆಯುಸ್ಸು 5 ದಿನ. ಗಂಡಸರು ಒಮ್ಮೆ ಕೊಟ್ಟರೆ ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಆಗಸ್ಟ್ 15ರಂದು ಊರೂರಲ್ಲಿ ಶಿಬಿರ ನಡೆದರೆ ಆ ರಕ್ತ ಅಕ್ಟೋಬರಿಗೆ ಉಳಿಯುವುದಿಲ್ಲ. ಅಂದು ಕೊಟ್ಟ ಗಂಡಸರೂ ನವೆಂಬರ್ ಮಧ್ಯದವರೆಗೆ ಮತ್ತೆ ಕೊಡುವ ಹಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪರೀಕ್ಷೆ ಮತ್ತು ರಜೆಯಿಂದಾಗಿ ಕಾಲೇಜುಗಳು ಖಾಲಿ, ದಾನಿಗಳೂ ಕಡಿಮೆ. ಹೆರಿಗೆ, ಹೆದ್ದಾರಿ 66ರ ಅಪಘಾತ ಇವೆರಡಕ್ಕೂ ರಜೆಯಿಲ್ಲ. ಒಂದೇ ದಿನ ಇನ್ನೂರು ಜನ ರಕ್ತ ಕೊಟ್ಟರು ಎಂಬುದು ವರದಿಗೆ ಒಳ್ಳೆಯ ಅಂಕಿ. ತಿಂಗಳಿಗೆ ಹದಿನೈದಿಪ್ಪತ್ತು ಜನರಂತೆ ವರ್ಷವಿಡೀ ಕೊಟ್ಟರು ಎಂಬುದು ಆಸ್ಪತ್ರೆಯ ಮಂಚದಲ್ಲಿ ಮಲಗಿದವರಿಗೆ ಒಳ್ಳೆಯ ಅಂಕಿ. ಎರಡರಲ್ಲೂ ಒಟ್ಟು ರಕ್ತ ಹೆಚ್ಚುಕಡಿಮೆ ಒಂದೇ, ದಾನಿಗಳ ಮನಸ್ಸೂ ಒಂದೇ ಇರಬಹುದು. ಬದಲಾಗುವುದು ಕಾಲ ಮಾತ್ರ. ಆದರೆ ಒಬ್ಬರ ಜೀವ ಉಳಿಯುವುದು ಅದರ ಮೇಲೆ ನಿಂತಿದೆ.

ಡಯಾಲಿಸಿಸ್ ಯಂತ್ರದ್ದೂ ಇಂಥದೇ ಕತೆ. ಯಂತ್ರ ಕೊಡುವುದು ಒಂದು ದಿನದ ಕೆಲಸ, ಅದರ ಮೇಲೆ ಫಲಕ ಹಾಕಬಹುದು, ಉದ್ಘಾಟನೆಗೆ ಗಣ್ಯರನ್ನು ಕರೆಯಬಹುದು. ಮೂತ್ರಪಿಂಡ ಸೋತವರಿಗೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಆಗಬೇಕು. ನಾಲ್ಕು ಗಂಟೆಯ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು, ತರಬೇತಾದ ತಂತ್ರಜ್ಞರು, ಪ್ರತಿ ಸಲ ಕೊಳ್ಳಬೇಕಾದ ಸಾಮಗ್ರಿ ಬೇಕು. ಇವಕ್ಕೆ ಫಲಕ ಹಾಕಲು ಜಾಗವಿಲ್ಲ. ಸೇವೆಯ ಕಷ್ಟದ ಭಾಗವೆಲ್ಲ ಫಲಕವಿಲ್ಲದ ಜಾಗದಲ್ಲೇ ಇರುತ್ತದೆ.

ಒಂದು ವರ್ಷದ ಅಧ್ಯಕ್ಷಗಿರಿಗೆ ಇದು ದೊಡ್ಡ ಸವಾಲು. ಪ್ರತಿ ಅಧ್ಯಕ್ಷರಿಗೂ ತಮ್ಮ ವರ್ಷಕ್ಕೆ ಒಂದು ಗುರುತು ಬೇಕೆನ್ನಿಸುವುದು ಸಹಜ. ಹಿಂದಿನವರ ಯೋಜನೆಯನ್ನು ಮುಂದುವರಿಸಿದರೆ ಹೆಸರು ಹಿಂದಿನವರದ್ದೇ. ಹೀಗಾಗಿ ಪ್ರತಿ ಜುಲೈಯಲ್ಲಿ ಹೊಸದು ಹುಟ್ಟುತ್ತದೆ, ಹಳೆಯದಕ್ಕೆ ನೀರು ಹಾಕುವವರಿರುವುದಿಲ್ಲ. ಆದರೆ ಇದು ಬದಲಾಗದ ಹಣೆಬರಹವೇನಲ್ಲ ಎಂಬುದಕ್ಕೆ ರೋಟರಿಯೇ ಸಾಕ್ಷಿ. 1985ರಲ್ಲಿ ಅದು ಪೋಲಿಯೊ ನಿರ್ಮೂಲನೆಯ ಕೆಲಸ ಕೈಗೆತ್ತಿಕೊಂಡಿತು. ಭಾರತದಲ್ಲಿ 1995ರಲ್ಲಿ ಪಲ್ಸ್ ಪೋಲಿಯೊ ಭಾನುವಾರಗಳು ಶುರುವಾದವು. ದೇಶದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ 2011ರ ಜನವರಿ 13ರದ್ದು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಪ್ರದೇಶವನ್ನು ಪೋಲಿಯೊಮುಕ್ತವೆಂದು ಪ್ರಮಾಣೀಕರಿಸಿತು. ಸರಕಾರ, ಆರೋಗ್ಯ ಕಾರ್ಯಕರ್ತೆಯರು ಮತ್ತು ಕ್ಲಬ್ಬುಗಳು ಸೇರಿ ಮಾಡಿದ ಈ ಕೆಲಸದ ನಡುವೆ ಎಷ್ಟು ಅಧ್ಯಕ್ಷರು ಬಂದುಹೋದರು! ಯಾರ ವರ್ಷಕ್ಕೂ ಅದು ಪೂರ್ತಿಯಾಗಿ ಸೇರುವುದಿಲ್ಲ. ಲಸಿಕೆಯ ದಿನವನ್ನು ನಿರ್ಧರಿಸಿದ್ದು ಮಕ್ಕಳ ವಯಸ್ಸು ಮತ್ತು ವೈರಸ್ಸಿನ ಸ್ವಭಾವ.

ಇಲ್ಲಿ ಒಂದು ಆಕ್ಷೇಪ ಬರಬಹುದು. ತಿಂಗಳ ಪಟ್ಟಿ ನೋಡಿ ಮಾಡುವ ಸೇವೆ ಯಾಂತ್ರಿಕವಲ್ಲವೇ, ಅದರಲ್ಲಿ ಕರುಣೆ ಎಲ್ಲಿದೆ? ಕಾಂಟ್ 1785ರಲ್ಲಿ ಬರೆದ ನೀತಿಶಾಸ್ತ್ರದ ಗ್ರಂಥದಲ್ಲಿ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳುತ್ತಾನೆ. ತನ್ನದೇ ದುಃಖದಿಂದ ಅವನ ಅನುಕಂಪವೆಲ್ಲ ಬತ್ತಿಹೋಗಿದೆ, ಆದರೂ ಕರ್ತವ್ಯವೆಂದು ಇನ್ನೊಬ್ಬರಿಗೆ ನೆರವಾಗುತ್ತಾನೆ. ಕಾಂಟ್ ಪ್ರಕಾರ ಅವನ ಕೆಲಸಕ್ಕೆ ನೈತಿಕ ಬೆಲೆ ಇರುವುದು ಆಗಲೇ. ನಾನು ಅಷ್ಟು ದೂರ ಹೋಗಲಾರೆ. ಕರುಣೆ ಒಳ್ಳೆಯದು, ಆದರೆ ಅದು ಬಂದಾಗ ಬರುತ್ತದೆ, ಹೋದಾಗ ಹೋಗುತ್ತದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ಅರ್ಥಮಾಡಿಕೊಂಡದ್ದು ಇದನ್ನೇ. ಉಳಿಸಬೇಕೆಂಬ ಮನಸ್ಸು ಎಲ್ಲರಿಗೂ ಇರುತ್ತದೆ, ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುವವರು ಬೇಕು. ತಿಂಗಳ ಸಭೆ, ತಿಂಗಳ ಪಟ್ಟಿಗಳು ಸೇವೆಯ ಪಿಗ್ಮಿ ಇದ್ದಂತೆ. ಮನಸ್ಸು ಒಣಗಿದ ದಿನವೂ ಅವು ಬಾಗಿಲು ತಟ್ಟುತ್ತವೆ. ಕ್ಲಬ್ಬುಗಳನ್ನು ನೋಡಿ ನಗುವ ನಮ್ಮ ಬಳಿ ಇಲ್ಲದಿರುವುದು ಈ ಬಾಗಿಲು ತಟ್ಟುವವರೇ. ಕೋಟದ ಪಂಚವರ್ಣ ಯುವಕ ಮಂಡಲ ಭಾನುವಾರಗಳಂದು ನಡೆಸುವ ಪರಿಸರಸ್ನೇಹಿ ಅಭಿಯಾನದಂಥ ಕೆಲಸದ ತೂಕ ಇರುವುದು ಇದರಲ್ಲೇ. ಹೆಕ್ಕಿದ ಜಾಗಕ್ಕೆ ಪ್ಲಾಸ್ಟಿಕ್ ಮತ್ತೆ ಬಂದು ಬೀಳುತ್ತದೆ, ಹೆಕ್ಕುವವರೂ ಮತ್ತೆ ಬರುತ್ತಾರೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಶಾಲೆಗೆ ಡೆಸ್ಕು, ಆಸ್ಪತ್ರೆಗೆ ಯಂತ್ರ ಕೊಡುವುದು ಸರಕಾರದ ಕೆಲಸ. ಕ್ಲಬ್ಬು ಅದನ್ನು ಮಾಡಿದರೆ ಸರಕಾರ ಜಾರಿಕೊಳ್ಳಲು ದಾರಿಯಾಗುವುದಿಲ್ಲವೇ? ಕರ್ನಾಟಕದಲ್ಲಿ 2002ರಲ್ಲಿ ಶುರುವಾದ ಮಧ್ಯಾಹ್ನದ ಬಿಸಿಯೂಟಕ್ಕೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟರು. ಆ ಊಟಕ್ಕೆ ಯಾವ ಮಗುವೂ ವೇದಿಕೆ ಹತ್ತಬೇಕಾಗಿಲ್ಲ, ಯಾರಿಗೂ ಕೈಮುಗಿಯಬೇಕಾಗಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ, ಶಾಲೆ ಇರುವ ದಿನವೆಲ್ಲ ಊಟ ಇರುತ್ತದೆ. ಹಕ್ಕು ಎಂದರೆ ಇದು. ಪ್ರತಿದಿನದ ಅಗತ್ಯಕ್ಕೆ ಉತ್ತರವಾಗಬಲ್ಲದ್ದು ಹಕ್ಕು ಮಾತ್ರ, ತಿಂಗಳಿಗೊಮ್ಮೆ ಬರುವ ಸೇವೆ ಅಲ್ಲ. ಹಾಗೆಂದು ಹಕ್ಕು ಬರುವವರೆಗೆ ಏಳನೇ ತರಗತಿಯ ಹುಡುಗಿ ನೆಲದ ಮೇಲೆ ಕೂತಿರಲಿ ಎನ್ನಲೂ ಬಾರದು. ಡೆಸ್ಕು ಕೊಡಲಿ. ಕೊಟ್ಟ ಮೇಲೆ ಅದೇ ಕ್ಲಬ್ಬಿನವರು ಗ್ರಾಮಸಭೆಗೂ ಹೋಗಿ ಈ ಶಾಲೆಗೆ ಇಷ್ಟು ಡೆಸ್ಕು ಬೇಕಾಗಿತ್ತು, ಯಾಕೆ ಬಂದಿರಲಿಲ್ಲ ಎಂದು ಕೇಳಲಿ. ಊರಿನ ವ್ಯಾಪಾರಿಗಳು, ವೈದ್ಯರು, ಶಿಕ್ಷಕರು ಸದಸ್ಯರಾಗಿರುವ ಸಂಸ್ಥೆ ಕೇಳಿದರೆ ಆ ಪ್ರಶ್ನೆಗೆ ಕಿವಿಗೊಡುವವರಿರುತ್ತಾರೆ.

ರೋಟರಿಯ ಸಭೆಗಳಲ್ಲಿ ನಾಲ್ಕು ಪ್ರಶ್ನೆಗಳ ಒಂದು ಪರೀಕ್ಷೆಯನ್ನು ಓದುವ ರೂಢಿಯಿದೆ. ಹರ್ಬರ್ಟ್ ಟೇಲರ್ ಎಂಬವರು 1932ರಲ್ಲಿ, ದಿವಾಳಿಯ ಅಂಚಿನಲ್ಲಿದ್ದ ಒಂದು ಕಂಪೆನಿಯನ್ನು ಸರಿದಾರಿಗೆ ತರಲು ಬರೆದುಕೊಂಡದ್ದು ಅದು. ನಾವು ಯೋಚಿಸುವುದು, ಹೇಳುವುದು, ಮಾಡುವುದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸುವುದೇ, ಎಲ್ಲರಿಗೂ ಹಿತವೇ ಎಂದು ಅದು ಕೇಳುತ್ತದೆ. ಐದನೆಯದಾಗಿ ಕಾಲದ ಪ್ರಶ್ನೆಯೊಂದನ್ನು ಸೇರಿಸಿಕೊಳ್ಳಬಹುದು: ಇದು ಯಾರ ದಿನಕ್ಕೆ ಒದಗುತ್ತದೆ? ಉತ್ತರಕ್ಕೆ ದೊಡ್ಡ ಯೋಜನೆಯೇನೂ ಬೇಡ. ಕಳೆದ ಜುಲೈಯಲ್ಲಿ ನೆಟ್ಟ ಗಿಡಗಳಲ್ಲಿ ಎಷ್ಟು ಉಳಿದಿವೆ ಎಂದು ಈ ಜುಲೈಯಲ್ಲಿ ಹೋಗಿ ಎಣಿಸಬಹುದು. ಶಿಬಿರದಲ್ಲಿ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದವರ ಮನೆಗೆ ಮುಂದಿನ ತಿಂಗಳು ಫೋನ್ ಮಾಡಿ ಮಾತ್ರೆ ಶುರುವಾಯಿತೇ ಎಂದು ವಿಚಾರಿಸಬಹುದು. ನೋಟ್‌ಪುಸ್ತಕದ ಕಟ್ಟನ್ನು ವೇದಿಕೆಯ ಬದಲು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕೊಟ್ಟು, ಬೇಕಾದರೆ ಕ್ಲಬ್ಬಿನವರು ಮಾತ್ರ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಅವರ ಹೆಸರು ಪತ್ರಿಕೆಯಲ್ಲಿ ಬರಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ಪುಸ್ತಕ ಮಕ್ಕಳ ಕೈಗೆ ತರಗತಿಯಲ್ಲಿ ಹಾಜರಿ ಕರೆಯುವ ಹೊತ್ತಿಗೆ, ಎಲ್ಲರಿಗೂ ಒಂದೇ ಸಲ, ತಲುಪಿದರೆ ಸಾಕು.